ಐತಿಹಾಸಿಕ ಹಾಸ್ಯದಲ್ಲಿ ಸ್ಟಾಲಿನ್, ಕ್ರುಶ್ಚೇವ್, ಬೆರಿಯಾ: ಮುಖ ಎಷ್ಟರಮಟ್ಟಿಗೆ ಹೋಲಬೇಕು?

ಮೂರನೇಗಂಟೆ ಕೇಳಿದ್ದು:

1953ರ ಮಾರ್ಚ್‌ನಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ಸತ್ತ ವಾರವನ್ನು ಇಟ್ಟುಕೊಂಡು ಕನ್ನಡದಲ್ಲಿ 40 ನಿಮಿಷದ ಹಾಸ್ಯ ಏಕಾಂಕ ಕಟ್ಟುತ್ತಿದ್ದೇವೆ. ಪಠ್ಯ ಪೂರ್ತಿ ನಮ್ಮದೇ. ಪಾತ್ರಗಳು ಆರು: ಸ್ಟಾಲಿನ್, ಅವನ ಸುತ್ತಲಿದ್ದ ಪಕ್ಷದ ನಾಯಕರಾದ ಕ್ರುಶ್ಚೇವ್, ಮಲೆಂಕೋವ್, ಮೊಲೊತೊವ್, ರಹಸ್ಯ ಪೊಲೀಸರನ್ನು ನಡೆಸಿದ್ದ ಬೆರಿಯಾ, ಸೇನೆಯ ಮಾರ್ಷಲ್ ಝುಕೋವ್. ನಟರೆಲ್ಲ 25ರಿಂದ 35ರ ಒಳಗಿನವರು. ಒಬ್ಬರ ಮುಖವೂ ಹೋಲುವುದಿಲ್ಲ.

ಅರ್ಮಾಂಡೊ ಯನೂಚಿ ನಿರ್ದೇಶಿಸಿದ 2017ರ ‘ದಿ ಡೆತ್ ಆಫ್ ಸ್ಟಾಲಿನ್’ ತಂಡದವರೆಲ್ಲ ನೋಡಿದ್ದಾರೆ. ಅದರ ಸ್ಟೀವ್ ಬುಸೆಮಿಗೂ ನಿಜವಾದ ಕ್ರುಶ್ಚೇವ್‌ಗೂ ಮುಖದಲ್ಲಿ ಅಂಥ ಸಾಮ್ಯವಿಲ್ಲ, ಆದರೂ ನಂಬಿಬಿಡುತ್ತೇವೆ. ಇದು ಹೇಗೆ ಸಾಧ್ಯ? ಮೇಕಪ್‌ಗೆ ಎಷ್ಟು ಒತ್ತು ಕೊಡಬೇಕು, ಯಾವುದನ್ನು ಬಿಡಬಹುದು? ಮುಂದಿನ ಸಾಲಿನ ಪ್ರೇಕ್ಷಕರು ರಂಗದಿಂದ ಎಂಟು ಅಡಿ ದೂರದಲ್ಲಿ ಕೂರುತ್ತಾರೆ.

ಹಳೇರೀಲು:

ಮೊದಲು ನಟನೆಯ ಮಾತು, ಏಕೆಂದರೆ ಆ ಸಿನಿಮಾ ಗೆದ್ದಿದ್ದು ಅಲ್ಲೇ. ಅದರಲ್ಲಿ ಯಾರೂ ನಗಿಸಲು ಹೊರಟಿಲ್ಲ. ಪ್ರತಿಯೊಬ್ಬನೂ ಜೀವ ಉಳಿಸಿಕೊಳ್ಳಲು ಹೆಣಗುತ್ತಿದ್ದಾನೆ, ನಗು ಹುಟ್ಟುವುದು ನಮ್ಮಲ್ಲಿ. ಕ್ರುಶ್ಚೇವ್ ರಾತ್ರಿ ಮನೆಗೆ ಬಂದು, ಸ್ಟಾಲಿನ್ ಯಾವ ಮಾತಿಗೆ ನಕ್ಕ, ಯಾವುದಕ್ಕೆ ನಗಲಿಲ್ಲ ಎಂದು ಹೆಂಡತಿಯ ಕೈಲಿ ಬರೆಸುತ್ತಾನಲ್ಲ, ಆ ಒಂದು ದೃಶ್ಯದಲ್ಲಿ ಇಡೀ ಪಾತ್ರ ನಿಂತುಬಿಡುತ್ತದೆ. ಅಷ್ಟಾದ ಮೇಲೆ ಮೂಗು ಹೋಲುತ್ತದೋ ಇಲ್ಲವೋ ಯಾರು ನೋಡುತ್ತಾರೆ?

ಸಮಿತಿ ಸಭೆಯ ದೃಶ್ಯವನ್ನು ತಂಡದವರಿಗೆ ಮತ್ತೊಮ್ಮೆ ತೋರಿಸಿ. ಮೈಕೇಲ್ ಪಾಲಿನ್ ಅವರ ಮೊಲೊತೊವ್ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾದಿಸುತ್ತಾ ಹೋಗುತ್ತಾನೆ. ಮಿಕ್ಕವರ ಕೈಗಳು ಏಳಬೇಕೋ ಇಳಿಯಬೇಕೋ ತಿಳಿಯದೆ ಅರ್ಧದಲ್ಲೇ ತೂಗಾಡುತ್ತವೆ. ನಿಮ್ಮಲ್ಲೂ ಮತ ಹಾಕುವ ದೃಶ್ಯವಿದ್ದರೆ ಕೈ ಎತ್ತುವ ಕ್ರಮವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮೊದಲು ಬೆರಿಯಾ, ಅವನನ್ನು ನೋಡಿ ಮಲೆಂಕೋವ್, ಲೆಕ್ಕ ಹಾಕಿ ಕ್ರುಶ್ಚೇವ್, ಕೊನೆಗೆ ಮೊಲೊತೊವ್. ಎಲ್ಲರೂ ಒಟ್ಟಿಗೆ ಎತ್ತಿದರೆ ಅದು ಬರೀ ಡ್ರಿಲ್.

ತಾಲೀಮಿನಲ್ಲಿ ಹೀಗೆ ಮಾಡಿ. ಮೊದಲ ಎರಡು ವಾರ ಮೇಕಪ್ಪೂ ಬೇಡ, ಹಾಸ್ಯವೂ ಬೇಡ. ಇಡೀ ಪಠ್ಯವನ್ನು ಗಂಭೀರ ನಾಟಕದಂತೆ ಓದಿಸಿ. ‘ನಾನು ಇವತ್ತು ರಾತ್ರಿ ಯಾರಿಗೆ ಹೆದರುತ್ತಿದ್ದೇನೆ’ ಎಂದು ಪ್ರತಿ ನಟನೂ ಪ್ರತಿ ದೃಶ್ಯಕ್ಕೂ ಒಂದು ಹೆಸರು ಹೇಳಬೇಕು. ಹೆಸರು ಬರದಿದ್ದರೆ ಆ ದೃಶ್ಯದಲ್ಲಿ ನಗುವೂ ಬರುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೆ ದೇಹದ ಒಂದೇ ಒಂದು ಲಕ್ಷಣ ಕೊಡಿ. ಸ್ಟಾಲಿನ್‌ಗೆ ಸರಿಯಾಗಿ ಮಡಚಲಾಗದ ಎಡಗೈ, ಬೆರಿಯಾಗೆ ಮೂಗಿನ ಮೇಲಿನ ಕನ್ನಡಕ. ಮೂರು ನಾಲ್ಕು ಲಕ್ಷಣ ಹೇರಿದರೆ ನಟ ಅದನ್ನೇ ಕಾಯುತ್ತಾ ಕೂರುತ್ತಾನೆ, ಎದುರಿನವನ ಮಾತು ಕಿವಿಗೆ ಬೀಳುವುದಿಲ್ಲ.

ಬಣ್ಣದಪೆಟ್ಟಿಗೆ:

ಎಂಟು ಅಡಿ ಎಂದರೆ ಅಂಚುಗಳೆಲ್ಲ ಕಾಣುವ ದೂರ. ಹಾಗಾಗಿ ಕಡಿಮೆ ಮಾಡಿ, ಚೊಕ್ಕವಾಗಿ ಮಾಡಿ.

ಕ್ರುಶ್ಚೇವ್‌ನ ಬೋಳುತಲೆಗೆ ನಟ ಒಪ್ಪುವುದಾದರೆ ತಲೆ ಬೋಳಿಸುವುದೇ ಸರಿ. ಒಪ್ಪದಿದ್ದರೆ ಬಾಲ್ಡ್ ಕ್ಯಾಪ್, ಅಂದರೆ ಕೂದಲು ಮುಚ್ಚಿ ತಲೆ ಬೋಳಾಗಿ ತೋರಿಸುವ ತೆಳು ಟೋಪಿ. ಕೂದಲಿಗೆ ನೀರು, ಜೆಲ್ ಹಚ್ಚಿ ಒತ್ತಿ ಬಾಚಿ, ಒಣಗಲು ಬಿಡಿ. ಮೊದಲು ಹಣೆಯ ನಡುವೆ ಸ್ಪಿರಿಟ್ ಗಮ್‌ನಿಂದ (ಚರ್ಮಕ್ಕೆ ಹಚ್ಚುವ ಮೇಕಪ್ ಅಂಟು) ಅಂಟಿಸಿ. ನಂತರ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಕತ್ತಿನ ಹಿಂಭಾಗ ಅಂಟಿಸಿ. ತಲೆ ನೆಟ್ಟಗಿಟ್ಟು ಅಂಟಿಸಿದರೆ, ನಟ ಮೇಲೆ ನೋಡಿದ ಕೂಡಲೇ ಹಿಂದೆ ಸುಕ್ಕು ಬೀಳುತ್ತದೆ. ಕಿವಿಯ ಸುತ್ತ ಕತ್ತರಿಸಿ, ಬದಿಗಳನ್ನು ಕೊನೆಗೆ ಅಂಟಿಸಬೇಕು. ವಿನೈಲ್ ಕ್ಯಾಪ್ ಆದರೆ ಅಂಚನ್ನು ಅಸಿಟೋನ್‌ನಿಂದ ಕರಗಿಸಬಹುದು, ಕಣ್ಣಿನ ಹತ್ತಿರ ಮಾತ್ರ ಬೇಡವೇ ಬೇಡ. ಲೇಟೆಕ್ಸ್ ಆದರೆ ಅಸಿಟೋನ್‌ಗೆ ಕರಗುವುದಿಲ್ಲ, ಅಂಚಿಗೆ ತೆಳುವಾಗಿ ದ್ರವ ಲೇಟೆಕ್ಸ್ ತಟ್ಟಬೇಕು. ಬಣ್ಣ ಒಂದೇ ಸಮ ಬಳಿದರೆ ಪ್ಲಾಸ್ಟಿಕ್ ಚೆಂಡಿನಂತೆ ಕಾಣುತ್ತದೆ. ಒರಟು ಸ್ಪಂಜಿನಿಂದ ಕೆಂಪು, ಹಳದಿ, ಕಂದು ಮೂರನ್ನೂ ಚುಕ್ಕಿಚುಕ್ಕಿಯಾಗಿ ತಟ್ಟಿ. ಒಟ್ಟು ಒಂದು ಗಂಟೆ ಇಟ್ಟುಕೊಳ್ಳಿ. ದೀಪದ ಶಾಖಕ್ಕೆ ಬೆವರು ಒಳಗೆ ನಿಂತು ಸಾಮಾನ್ಯವಾಗಿ ಕತ್ತಿನ ಹಿಂದೆ ಮೊದಲು ಬಿಟ್ಟುಕೊಳ್ಳುತ್ತದೆ. ಅಂಗಿಯ ಕಾಲರ್ ಎತ್ತರವಿದ್ದರೆ ಅದು ಮುಚ್ಚಿಹೋಗುತ್ತದೆ.

ಹೊಟ್ಟೆಗೆ ದಿಂಬು ಕಟ್ಟಬೇಡಿ. ಬಿಗಿಯಾದ ಹತ್ತಿ ಬನಿಯನ್‌ಗೆ ಒಂದು ಇಂಚು ದಪ್ಪದ ಫೋಮ್ ಮೂರು ಪದರ ಹೊಲಿಯಿರಿ: ಒಳಗಿನದು ಸುಮಾರು 14 ಇಂಚು ಅಗಲ, ಮೇಲಿನದು 11, ಅದರ ಮೇಲಿನದು 8. ಅಂಚುಗಳನ್ನು ಇಳಿಜಾರಾಗಿ ಕತ್ತರಿಸಿ. ಕೆಳಭಾಗದಲ್ಲಿ ಅರ್ಧ ಕಿಲೋ ನವಣೆ ತುಂಬಿದ ಚಪ್ಪಟೆ ಚೀಲ ಸೇರಿಸಿದರೆ ಹೊಟ್ಟೆಗೆ ಭಾರ ಬರುತ್ತದೆ, ನಡಿಗೆ ತಾನೇ ಬದಲಾಗುತ್ತದೆ. ಕಾಲುಗಳ ನಡುವಿನಿಂದ ಒಂದು ಪಟ್ಟಿ ಎಳೆದು ಹಿಂದೆ ಕಟ್ಟದಿದ್ದರೆ ನಟ ಕೂತಾಗ ಹೊಟ್ಟೆ ಎದೆಗೇರುತ್ತದೆ. ತಾಲೀಮಿನಲ್ಲೇ ಕೂರಿಸಿ, ಏಳಿಸಿ, ಬಗ್ಗಿಸಿ ನೋಡಿ. ಪ್ಯಾಂಟಿಗೆ ಬೆಲ್ಟ್ ಬೇಡ, ಭುಜದಿಂದ ಇಳಿಯುವ ಗ್ಯಾಲಿಸ್ ಹಾಕಿ.

ಸ್ಟಾಲಿನ್ ಮೀಸೆಗೆ ಬಿಡಿಬಿಡಿಯಾಗಿ ಅಂಟಿಸುವ ಕ್ರೇಪ್ ಕೂದಲಿಗಿಂತ ಬಲೆಯ ಮೇಲೆ ಹೆಣೆದ ಸಿದ್ಧ ಮೀಸೆ ವಾಸಿ. ಗಮ್ ಹಚ್ಚಿ, ಅದು ಅಂಟಂಟಾಗುವವರೆಗೆ ಕಾದು, ಒದ್ದೆ ಬಟ್ಟೆಯಿಂದ ಒತ್ತಿ. ಬಾಯಿಯ ಎರಡೂ ತುದಿಯಲ್ಲಿ ಅರ್ಧ ಸೆಂಟಿಮೀಟರ್ ಅಂಟಿಸದೆ ಬಿಡಿ, ಇಲ್ಲದಿದ್ದರೆ ಮಾತಾಡುವಾಗ ತುಟಿ ಎಳೆಯುತ್ತದೆ, ಕೊನೆಗೆ ಮೀಸೆಯೇ ಕಿತ್ತು ಬರುತ್ತದೆ. ಹಿಂದಿನ ದಿನವೇ ಮೊಳಕೈ ಒಳಭಾಗಕ್ಕೆ ಗಮ್ ಹಚ್ಚಿ ನೋಡಿ, ಕೆಲವರಿಗೆ ಅಲರ್ಜಿ ಇರುತ್ತದೆ. ತೆಗೆಯುವಾಗ ರಿಮೂವರ್ ಬಳಸಿ, ಎಳೆಯಬೇಡಿ.

ಬೆರಿಯಾ ಕನ್ನಡಕಕ್ಕೆ ಕಿವಿಯ ಕಡ್ಡಿಗಳಿರಲಿಲ್ಲ, ಮೂಗನ್ನು ಹಿಡಿದು ನಿಲ್ಲುವಂಥದ್ದು. ಮೂಗಿನ ಎರಡೂ ಬದಿಗೆ ಎರಡು ಮುಖದ ಪಾರದರ್ಶಕ ಟೇಪಿನ ಚೂರು ಅಂಟಿಸಿ. ಗಾಜು ತೆಗೆದುಬಿಡಿ. ಅವನ ಕಣ್ಣು ಕಾಣದೆ ದೀಪ ಮಿನುಗಿದರೆ ಪಾತ್ರದ ಭಯವೇ ಹೋಗುತ್ತದೆ.

ಗ್ರಂಥಾಲಯದಮೂಲೆ:

ಫೋಟೋ ನೋಡಿ ವೇಷ ಮಾಡುವಾಗ ಇಸವಿ ನೋಡಿ. ಹೆಚ್ಚಿನ ತಪ್ಪುಗಳು ಅಲ್ಲೇ ಆಗುವುದು.

ಝುಕೋವ್‌ನ ಪ್ರಸಿದ್ಧ ಭಾವಚಿತ್ರಗಳಲ್ಲಿ ನಾಲ್ಕು ಚಿನ್ನದ ನಕ್ಷತ್ರ, ಅಂದರೆ ‘ಸೋವಿಯತ್ ಒಕ್ಕೂಟದ ವೀರ’ ಪದಕಗಳು ಕಾಣುತ್ತವೆ. ನಾಲ್ಕನೆಯದು ಬಂದಿದ್ದು 1956ರಲ್ಲಿ. ನಿಮ್ಮ ನಾಟಕದ ಹೊತ್ತಿಗೆ ಮೂರೇ: 1939, 1944, 1945. ಕ್ರುಶ್ಚೇವ್‌ನ ನಮಗೆ ಪರಿಚಯವಿರುವ ಚಿತ್ರಗಳು ಹೆಚ್ಚಾಗಿ 1960ರ ಸುಮಾರಿನವು. 1953ರಲ್ಲಿ ಅವನಿಗೆ 58, ಎದೆಯ ತುಂಬ ಪದಕ ಬೇಡ, ವಿಶ್ವಸಂಸ್ಥೆಯಲ್ಲಿನ ಬೂಟಿನ ಪ್ರಸಂಗವಂತೂ 1960ರದು. ಸ್ಟಾಲಿನ್‌ಗೆ 74. ಪೋಸ್ಟರಿನ ಕಪ್ಪು ಕೂದಲು, ನಯವಾದ ಕೆನ್ನೆ ಬೇಡ. ನರೆತ ಕೂದಲು, ಸಿಡುಬಿನ ಕಲೆ ಇರಲಿ. ಪೈಪೂ ಬೇಡ ಎಂಬುದು ನನ್ನ ಅಭಿಪ್ರಾಯ, ಅಷ್ಟು ಹೊತ್ತಿಗೆ ಅವನು ಧೂಮಪಾನ ಬಿಟ್ಟಿದ್ದ.

ಘಟನೆಗಳ ಕ್ರಮಕ್ಕೆ ಸಿನಿಮಾವನ್ನು ಆಧಾರವಾಗಿ ಹಿಡಿಯಬೇಡಿ. ಅದರಲ್ಲಿ ಬೆರಿಯಾನ ಪತನ ಅಂತ್ಯಸಂಸ್ಕಾರದ ಬೆನ್ನಿಗೇ ನಡೆಯುತ್ತದೆ. ವಾಸ್ತವದಲ್ಲಿ ಸ್ಟಾಲಿನ್ ಸತ್ತಿದ್ದು ಮಾರ್ಚ್ 5, ಅಂತ್ಯಸಂಸ್ಕಾರ ಮಾರ್ಚ್ 9, ಬೆರಿಯಾ ಬಂಧನ ಜೂನ್ 26, ಗುಂಡಿಕ್ಕಿದ್ದು ಡಿಸೆಂಬರ್ 23. ಹಾಸ್ಯಕ್ಕಾಗಿ ಕಾಲವನ್ನು ಕುಗ್ಗಿಸುವುದು ತಪ್ಪಲ್ಲ, ತಿಳಿದು ಕುಗ್ಗಿಸಿ. ಇನ್ನೊಂದು, ಮಾರ್ಚ್ 9 ಮೊಲೊತೊವ್‌ನ ಹುಟ್ಟುಹಬ್ಬ. ಆ ದಿನ ಅವನ ಹೆಂಡತಿ ಇನ್ನೂ ಸ್ಟಾಲಿನ್ ಹಾಕಿಸಿದ್ದ ಶಿಕ್ಷೆಯಲ್ಲೇ ಇದ್ದಳು ಅಥವಾ ಆಗಷ್ಟೇ ಬಿಡುಗಡೆಯ ಅಂಚಿನಲ್ಲಿದ್ದಳು. ಗಂಡ ಅದೇ ಸ್ಟಾಲಿನ್‌ಗಾಗಿ ಕೆಂಪು ಚೌಕದಲ್ಲಿ ಶೋಕಭಾಷಣ ಮಾಡಿದ. ಏಕಾಂಕಕ್ಕೆ ಇದಕ್ಕಿಂತ ಗಟ್ಟಿ ಸರಕು ಬೇಕೆ?

ಮೂರನೇಗಂಟೆ:

ಎಲ್ಲರಿಗೂ ವಂದನೆಗಳು. ಗಾಜು ತೆಗೆಯುವುದು, ಮೂರು ನಕ್ಷತ್ರ, ಎರಡನ್ನೂ ಬರೆದುಕೊಂಡೆ. ಭಾಷೆಯ ಬಗ್ಗೆ ಒಂದು ಪ್ರಶ್ನೆ. ಸಿನಿಮಾದಲ್ಲಿ ಯಾರೂ ರಷ್ಯನ್ ಧಾಟಿಯ ಇಂಗ್ಲಿಷ್ ಆಡುವುದಿಲ್ಲ. ನಾವು ಪಾತ್ರಗಳಿಗೆ ಧಾರವಾಡ, ಮಂಡ್ಯ, ಮಂಗಳೂರು ಕನ್ನಡ ಹಂಚಬಹುದೆ?

ಹಳೇರೀಲು:

ಹಂಚಬಹುದು, ಒಂದು ಷರತ್ತಿನ ಮೇಲೆ: ನಟ ಮನೆಯಲ್ಲಿ ಆಡುವ ಕನ್ನಡವೇ ಆಗಬೇಕು. ಸಿನಿಮಾದಲ್ಲಿ ಬುಸೆಮಿ ತಮ್ಮ ಅಮೆರಿಕನ್ ಧಾಟಿಯಲ್ಲೇ ಮಾತಾಡುತ್ತಾರೆ. ಜೇಸನ್ ಐಸಾಕ್ಸ್ ಮಾತ್ರ ಝುಕೋವ್‌ಗೆ ಯಾರ್ಕ್‌ಶೈರ್ ಧಾಟಿ ಆರಿಸಿಕೊಂಡರು. ಸುತ್ತ ಎಲ್ಲರೂ ಮಾತನ್ನು ಬಳಸಿ ಆಡುವಾಗ ನೇರವಾಗಿ, ಒರಟಾಗಿ ಮಾತಾಡುವ ಸೈನಿಕ ಬಂದಂತಾಯಿತು. ಅಲ್ಲಿ ಧಾಟಿಗೆ ಕೆಲಸವಿದೆ.

ಇತಿಹಾಸದಲ್ಲೂ ಈ ಭೇದವಿತ್ತು. ಸ್ಟಾಲಿನ್, ಬೆರಿಯಾ ಇಬ್ಬರೂ ಜಾರ್ಜಿಯಾದವರು, ಸ್ಟಾಲಿನ್‌ನ ರಷ್ಯನ್‌ನಲ್ಲಿ ಆ ಧಾಟಿ ಕೊನೆತನಕ ಉಳಿದಿತ್ತು. ಹಾಗಾಗಿ ಅವರಿಬ್ಬರಿಗೆ ಒಂದೇ ಸೀಮೆಯ ಕನ್ನಡ ಕೊಟ್ಟು, ಮಿಕ್ಕವರಿಗೆ ಬೇರೆ ಕೊಟ್ಟರೆ, ಇಬ್ಬರ ಗುಟ್ಟಿನ ಸಲಿಗೆ ವಿವರಣೆಯಿಲ್ಲದೆ ಕಿವಿಗೆ ಗೊತ್ತಾಗುತ್ತದೆ. ಆದರೆ ಬೆಂಗಳೂರಿನ ಹುಡುಗನ ಬಾಯಲ್ಲಿ ಕಲಿತ ಧಾರವಾಡ ಮಾತು ಬಂದರೆ ಪ್ರೇಕ್ಷಕರು ಆ ಮಾತಿಗೇ ನಗುತ್ತಾರೆ, ಸನ್ನಿವೇಶಕ್ಕಲ್ಲ. ಅಂಥ ಕಡೆ ಧಾಟಿ ಬಿಟ್ಟು, ಅವನ ಸ್ವಂತ ಕನ್ನಡದಲ್ಲೇ ಬಿಡಿ.

ಬಣ್ಣದಪೆಟ್ಟಿಗೆ:

ಒಂದು ಸೇರಿಸುತ್ತೇನೆ. ಮೀಸೆ, ಹೊಟ್ಟೆ, ಕನ್ನಡಕ ಮೂರನ್ನೂ ಕಡೇ ಪಕ್ಷ ಕೊನೆಯ ಐದು ತಾಲೀಮುಗಳಿಗೆ ಹಾಕಿಸಿ. ಸ್ಪಷ್ಟವಾಗಿದ್ದ ಉಚ್ಚಾರ ಮೀಸೆ ಅಂಟಿಸಿದ ಕೂಡಲೇ ಕೆಡುತ್ತದೆ, ಪ, ಬ, ಮ ಅಕ್ಷರಗಳು ಮೊದಲು. ಸ್ಟಾಲಿನ್‌ಗೆ ಮಾತು ಕಡಿಮೆಯಿದ್ದು, ಬೇಗ ನೆಲಕ್ಕೆ ಬೀಳುವ ಪಾತ್ರವಾದರೆ ತೊಂದರೆ ಅಷ್ಟಿಲ್ಲ. ಬಿದ್ದ ಮೇಲೆ ಮಾತ್ರ ಮೀಸೆಯ ಬದಿ ಪ್ರೇಕ್ಷಕರ ಕಡೆಗಿರದಂತೆ ತಲೆ ಹೊರಳಿಸಿ ಮಲಗಿಸಿ, ಬೆವರಿಗೆ ಅಂಚು ಎದ್ದರೂ ಕಾಣುವುದಿಲ್ಲ.