ತ್ರಂಕಾನ 'ದಿ ಹ್ಯಾಂಡ್' ಮಕ್ಕಳಿಗೆ ತೋರಿಸ್ಬಹುದಾ?

ಬಣ್ಣದಬುಗುರಿ:
ನಮ್ಮೂರ ಲೈಬ್ರರೀಲಿ ಏಳನೇ ಕ್ಲಾಸಿನ ಮಕ್ಕಳಿಗೆ ಆಗಾಗ ಅನಿಮೇಷನ್ ಸಿನಿಮಾ ಹಾಕ್ತೀವಿ. ಈ ಸಲ ಯಿರ್ಝಿ ತ್ರಂಕಾ 1965ರಲ್ಲಿ ಮಾಡಿದ ಚೆಕ್ ಗೊಂಬೆ ಸಿನಿಮಾ 'ದಿ ಹ್ಯಾಂಡ್' ಹಾಕೋಣ ಅಂತ ನಂಗೆ ತುಂಬಾ ಆಸೆ, ಮಾತೇ ಇಲ್ಲ ಹಾಗಾಗಿ ಭಾಷೆ ತೊಂದ್ರೆನೂ ಇಲ್ಲ, ಒಬ್ಬ ಪುಟ್ಟ ಕುಂಬಾರ ತನ್ನ ಗುಲಾಬಿ ಗಿಡಕ್ಕೆ ಕುಂಡ ಮಾಡ್ಕೊಂಡು ಇರ್ತಾನೆ, ಒಂದು ದೊಡ್ಡ ಕೈ ಬಂದು ಅದ್ನ ಬಿಡು, ನನ್ನ ಮೂರ್ತಿ ಮಾಡು ಅಂತ ಬೆನ್ನು ಬೀಳುತ್ತೆ. ಆದ್ರೆ ಕೊನೇಲಿ ಕುಂಬಾರ ಸಾಯ್ತಾನೆ, ಅದಕ್ಕೆ ಜೊತೆಗಿರೋರು ಬೇಡ ಅಂತಿದಾರೆ. ಏನ್ ಮಾಡ್ಲಿ?

ಮಲೆನಾಡ್‌ಮಳೆ:
ಮೊದ್ಲು 'ಅಲೈಕ್' ತೋರ್ಸಿ ಮೇಡಂ. ಸ್ಪೇನ್‌ದು, 2015ರದ್ದು, ಎಂಟು ನಿಮಿಷ ಅಷ್ಟೇ. ಮಗ ಪಾರ್ಕಲ್ಲಿ ವಯಲಿನ್ ಬಾರ್ಸೋನ ಚಿತ್ರ ಬರೀತಾನೆ, ಎಲ್ಲಾರ ಥರ ಅಕ್ಷರ ತಿದ್ದು ಅಂತ ಒತ್ತಾಯ ಮಾಡ್ತಾ ಮಾಡ್ತಾ ಅವನ ಮೈ ಬಣ್ಣಾನೇ ಹೋಗ್ಬಿಡುತ್ತೆ. ಮಕ್ಕಳಿಗೆ ತಕ್ಷಣ ಅರ್ಥ ಆಗುತ್ತೆ, ಸಾವೂ ಇಲ್ಲ.

ಗೊಂಬೆಮನೆ:
'ಅಲೈಕ್' ನಂಗೂ ಇಷ್ಟ, ಆದ್ರೆ ಅದು 'ದಿ ಹ್ಯಾಂಡ್' ಬದಲಿಗೆ ಅಲ್ಲ. ಇಲ್ಲಿ ಕೈ ಶುರುವಲ್ಲೇ ಹೊಡೆಯಲ್ಲ ನೋಡಿ, ಬಾಗಿಲು ತಟ್ಟುತ್ತೆ, ಫೋನ್ ಮಾಡುತ್ತೆ, ಟಿವಿ ತಂದಿಟ್ಟು ಕೈ ಎಷ್ಟು ದೊಡ್ಡದು ಅಂತ ತೋರ್ಸುತ್ತೆ, ಲೇಸ್ ಗ್ಲೌಸ್ ಹಾಕ್ಕೊಂಡು ಆಸೆ ಹುಟ್ಟಿಸುತ್ತೆ. ಯಾವ್ದಕ್ಕೂ ಬಗ್ಗದೆ ಇದ್ದಾಗ ದಾರ ಕಟ್ಟಿ ಪಂಜರಕ್ಕೆ ಹಾಕುತ್ತೆ, ಅದೂ ಬಂಗಾರದ ಪಂಜರ, ಪದಕಾನೂ ಕೊಡುತ್ತೆ! ಒತ್ತಡ ಅನ್ನೋದು ಬಹುಮಾನದ ವೇಷದಲ್ಲೂ ಬರುತ್ತೆ ಅನ್ನೋದು ಈ ವಯಸ್ಸಿನೋರಿಗೆ ಗೊತ್ತಾಗ್ಲೇಬೇಕು ಅನ್ಸುತ್ತೆ ನಂಗೆ. ಇನ್ನೊಂದು, ಕುಂಬಾರ ಮರದ ಗೊಂಬೆ, ಕೈ ಮಾತ್ರ ನಿಜವಾದ ಮನುಷ್ಯನ ಕೈ. ಗೊಂಬೆ ಮುಖ ಒಂಚೂರೂ ಬದಲಾಗಲ್ಲ, ಬೆಳಕು, ಕ್ಯಾಮೆರಾ ಕೋನ, ತಲೆ ಬಾಗೋ ರೀತಿ ಇಷ್ಟರಲ್ಲೇ ಅವನ ಹಠ, ಭಯ ಎಲ್ಲಾ ಕಾಣುತ್ತೆ. ಇದನ್ನ ಮಕ್ಕಳೇ ಕಂಡುಹಿಡೀಲಿ, ನೀವು ಮೊದ್ಲೇ ಹೇಳ್ಬೇಡಿ.

ಹಳೇರೀಲು:
ಮೇಲಿನವರ ಮಾತಿಗೆ ಸೇರಿಸ್ತೀನಿ. ತ್ರಂಕಾ ಸಿನಿಮಾ ಮಾಡಿದ್ದು ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಲ್ಲಿ, ಸರ್ಕಾರದ್ದೇ ದುಡ್ಡಲ್ಲಿ. ಅನ್ನ ಹಾಕೋ ಕೈ ಬಗ್ಗೇನೇ ಇಂಥ ಕಥೆ ಮಾಡೋಕೆ ಎಂಥಾ ಎದೆಗಾರಿಕೆ ಬೇಕು! ಇದೇ ಅವರ ಕೊನೇ ಸಿನಿಮಾ, 1969ರಲ್ಲಿ ತೀರ್ಕೊಂಡ್ರು, ಆಮೇಲೆ ಸಿನಿಮಾ ಬ್ಯಾನ್ ಆಯ್ತು.
ಒಂದೇ ರಿಕ್ವೆಸ್ಟ್, ಸಾವು ಜಾಸ್ತಿ ಆಯ್ತು ಅಂತ ಕೊನೇ ಭಾಗ ಕಟ್ ಮಾಡ್ಬೇಡಿ. ಕುಂಬಾರನ್ನ ಜೀವ ಹಿಂಡಿದ ಕೈನೇ ಅವನಿಗೆ ಅದ್ಧೂರಿಯಾಗಿ ಅಂತಿಮ ಗೌರವ ಮಾಡೋದು ಅಲ್ಲೇ. ಅದಿಲ್ಲದೆ ತೋರ್ಸಿದ್ರೆ ಬರೀ ಒಬ್ಬ ಬಡಪಾಯಿ ಸತ್ತ ಕಥೆ ಆಗುತ್ತೆ.

ಬಣ್ಣದಬುಗುರಿ:
ಥ್ಯಾಂಕ್ಸ್ ಎಲ್ಲಾರಿಗೂ. ಪೂರ್ತಿ ಹಾಕ್ತೀನಿ, ಆಮೇಲೆ ಅರ್ಧ ಗಂಟೆ ಮಾತಿಗೆ ಅಂತಲೇ ಇಡ್ತೀನಿ. 'ಅಲೈಕ್' ಮುಂದಿನ ಸಲಕ್ಕೆ.