ಸಿಗ್ನಲ್‌ನಲ್ಲಿ ನಿಂತರೆ ಹೀಟರ್‌ನಲ್ಲಿ ತಣ್ಣನೆ ಗಾಳಿ, ಓಡಿಸಿದರೆ ಬಿಸಿ. ಥರ್ಮೋಸ್ಟಾಟ್ ಹೋಗಿದೆಯಾ?

ಹಿಮದೂರಿನವ
ಎಲ್ಲರಿಗೂ ನಮಸ್ಕಾರ. ನಾನಿರೋದು ಮಿನಿಯಾಪೊಲಿಸ್‌ನಲ್ಲಿ. ಕಾರು 2011ರದ್ದು, ಪೆಟ್ರೋಲ್, ನನ್ನ ಕೈಗೆ ಬರುವ ಮೊದಲು ಇಬ್ಬರು ಓಡಿಸಿದ್ದಾರೆ. ಹೋದ ವಾರದಿಂದ ಒಂದು ಕಾಟ ಶುರುವಾಗಿದೆ. ಹೈವೇಯಲ್ಲಿ ಹೀಟರ್ ಜಾಕೆಟ್ ಬಿಚ್ಚಬೇಕು ಅನ್ನುವಷ್ಟು ಬಿಸಿ ಕೊಡುತ್ತದೆ. ಸಿಗ್ನಲ್‌ನಲ್ಲಿ ಒಂದು ನಿಮಿಷ ನಿಂತರೆ ಸಾಕು, ಫ್ರಿಜ್ ಬಾಗಿಲು ತೆಗೆದ ಹಾಗೆ. ನ್ಯೂಟ್ರಲ್‌ಗೆ ಹಾಕಿ 2000 ಆರ್‌ಪಿಎಂ ದಾಟಿಸಿದರೆ ಮತ್ತೆ ಬಿಸಿ ಬರುತ್ತದೆ. ನಿನ್ನೆ ಬೆಳಗ್ಗೆ ಮೈನಸ್ 18 ಇತ್ತು, ಮಗಳನ್ನು ಡೇಕೇರ್‌ಗೆ ಬಿಡೋಕೆ ಹೋಗುವಾಗ ಪ್ರತಿ ಸಿಗ್ನಲ್‌ನಲ್ಲೂ ಬ್ರೇಕ್ ಒತ್ತಿಕೊಂಡು ಆಕ್ಸಿಲರೇಟರ್ ತುಳಿಯುತ್ತಾ ಕೂತಿದ್ದೆ, ಪಕ್ಕದ ಕಾರಿನವನು ರೇಸ್‌ಗೆ ಕರೀತಿದ್ದಾನೆ ಅಂದುಕೊಂಡಿರಬೇಕು. ಟೆಂಪರೇಚರ್ ಮುಳ್ಳು ಮಾತ್ರ ಸರಿಯಾಗಿ ನಡುವೆಯೇ ಇದೆ. ಒಂದು ಗ್ಯಾರೇಜ್‌ನವರು ಕಾರು ನೋಡದೆ ಫೋನ್‌ನಲ್ಲೇ 'ಥರ್ಮೋಸ್ಟಾಟ್ ಹಾಕಿಸಿ' ಅಂದರು. ಹಾಕಿಸಲಾ?

ಗ್ರೀಸ್ ಕೈ, ಹುಬ್ಬಳ್ಳಿ
ತಮ್ಮಾ, ಸ್ವಲ್ಪ ತಡಿ. ಥರ್ಮೋಸ್ಟಾಟ್ ಅಂದರೆ ಎಂಜಿನ್ ಬಿಸಿಯಾಗುವವರೆಗೆ ಕೂಲಂಟನ್ನು (ಎಂಜಿನ್ ತಣ್ಣಗಿಡುವ ದ್ರವ) ರೇಡಿಯೇಟರ್‌ಗೆ ಬಿಡದ ವಾಲ್ವ್. ಅದು ತೆರೆದೇ ನಿಂತಿದ್ದರೆ ಲಕ್ಷಣ ಉಲ್ಟಾ ಇರುತ್ತದೆ: ಹೈವೇಯಲ್ಲಿ ಗಾಳಿ ಬಡಿದು ಎಂಜಿನ್ ತಣ್ಣಗಾಗಿ ಮುಳ್ಳು ಇಳಿಯುತ್ತದೆ, ನಿಂತಾಗ ಬಿಸಿಯೇರುತ್ತದೆ. ನಿನ್ನದು ಹಾಗಿಲ್ಲ ಅಲ್ವಾ.

ಹೀಟರ್‌ಗೆ ಬೇರೆ ಒಲೆ ಅಂತ ಇಲ್ಲ. ಎಂಜಿನ್ ಕಾಯಿಸಿದ ಕೂಲಂಟೇ ಡ್ಯಾಶ್‌ಬೋರ್ಡ್ ಹಿಂದಿರುವ ಸಣ್ಣ ರೇಡಿಯೇಟರ್ ಒಳಗೆ ಹರಿಯಬೇಕು, ಅದಕ್ಕೇ ಹೀಟರ್ ಕೋರ್ ಅನ್ನೋದು. ಹರಿಸೋದು ವಾಟರ್ ಪಂಪ್. ಹೆಚ್ಚಿನ ಗಾಡಿಗಳಲ್ಲಿ ಪಂಪ್ ಬೆಲ್ಟ್ ಮೇಲೆ ಓಡುತ್ತದೆ, ಎಂಜಿನ್ ನಿಧಾನ ಆದರೆ ಅದೂ ನಿಧಾನ. ಕೂಲಂಟ್ ಕಡಿಮೆ ಆದರೆ ಗಾಳಿ ಮೇಲೆ ಹೋಗಿ ಕೂರುತ್ತದೆ, ಕೋರ್ ಇರೋದೂ ಸಾಮಾನ್ಯವಾಗಿ ಮೇಲೆಯೇ. ಐಡ್ಲಿಂಗ್‌ನಲ್ಲಿ ಆ ಗಾಳಿಯನ್ನು ದಾಟಿಸುವಷ್ಟು ಒತ್ತಡ ಸಿಗಲ್ಲ, ರೇಸ್ ಕೊಟ್ಟರೆ ಸಿಗುತ್ತದೆ. ಮುಳ್ಳು ನಡುವೆ ಇದೆ ಅಂತ ನಂಬಬೇಡ, ಎಷ್ಟೋ ಗಾಡಿಗಳಲ್ಲಿ ಅದು ಹತ್ತು ಡಿಗ್ರಿ ಆಚೀಚೆ ಆದರೂ ಅಲ್ಲಾಡಲ್ಲ.

ಎಂಜಿನ್ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡು. ಪಕ್ಕದ ಪ್ಲಾಸ್ಟಿಕ್ ಡಬ್ಬಿ ತುಂಬಿದೆ ಅಂತ ಸುಮ್ನೆ ಇರಬೇಡ. ಮುಚ್ಚಳದ ರಬ್ಬರ್ ಸತ್ತಿದ್ದರೆ ಡಬ್ಬಿಯಿಂದ ವಾಪಸ್ ಎಳೆದುಕೊಳ್ಳಲ್ಲ, ಡಬ್ಬಿ ತುಂಬಿದ್ದರೂ ರೇಡಿಯೇಟರ್ ಖಾಲಿ ಇರಬಹುದು.

ಟೊರಾಂಟೊ ಅಕ್ಕ
ಮೇಲಿನವರು ಹೇಳಿದ್ದು ಸರಿ. 'ಪೂರ್ತಿ ತಣ್ಣಗಿದ್ದಾಗ' ಅನ್ನೋದನ್ನು ಮಾತ್ರ ಎರಡು ಸಲ ಓದಿ. ಬಿಸಿ ಇದ್ದಾಗ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ.

ಕಡಿಮೆ ಇದ್ದರೆ ಮ್ಯಾನುಯಲ್‌ನಲ್ಲಿ ಹೇಳಿದ ಕೂಲಂಟೇ ಹಾಕಿ, ಬಣ್ಣ ಒಂದೇ ಅಂತ ಯಾವುದೋ ಒಂದನ್ನು ಬೆರೆಸಬೇಡಿ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಇದ್ದರೆ ಸುಮಾರು ಮೈನಸ್ 37ರವರೆಗೆ ಗಟ್ಟಿಯಾಗಲ್ಲ. ಬರೀ ನೀರು ಹಾಕಿದರೆ ನಿಮ್ಮೂರಿನ ಚಳಿಗೆ ಎಂಜಿನ್ ಬ್ಲಾಕೇ ಸೀಳಬಹುದು.

ಆಮೇಲೆ ಗಾಳಿ ತೆಗೆಯಬೇಕು. ನಾನು ಮಾಡೋದು: ಮೂತಿ ಮೇಲೆ ಬರುವ ಹಾಗೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಹೀಟರ್ ಫುಲ್ ಬಿಸಿಗೆ ತಿರುಗಿಸಿ, ರೇಡಿಯೇಟರ್ ಬಾಯಿಗೆ ಅದಕ್ಕೇ ಬರುವ ಗಟ್ಟಿ ಫನಲ್ ಕೂರಿಸಿ ಎಂಜಿನ್ ಓಡಿಸೋದು. ಗುಳು ಗುಳು ಅಂತ ಗುಳ್ಳೆ ಬರುತ್ತದೆ, ಮಟ್ಟ ಇಳಿದಂತೆ ಸುರಿಯುತ್ತಾ ಹೋಗಿ. ಫ್ಯಾನ್ ಎರಡು ಸಲ ತಿರುಗಿ ನಿಂತ ಮೇಲೆ ಗುಳ್ಳೆ ಬರದಿದ್ದರೆ ಆಯಿತು. ಬರುತ್ತಲೇ ಇದ್ದು ಬಿಳಿ ಹೊಗೆಯೂ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಹೆಡ್ ನಡುವಿನ ಸೀಲ್) ಹೋಗಿರೋ ಕೇಸು, ಓಡಿಸಬೇಡಿ. ಚೆಲ್ಲಿದ್ದನ್ನು ಒರೆಸಿಬಿಡಿ, ಸಿಹಿ ಅಂತ ನಾಯಿ ನೆಕ್ಕಿದರೆ ಅದಕ್ಕೆ ವಿಷ.

ಶಿರಸಿ ಹೈದ
ನಮಗೆ ಹೀಟರ್ ನೆನಪಾಗೋದು ಮಳೆಗಾಲದಲ್ಲಿ, ಗಾಜಿಗೆ ಮಂಜು ಕಟ್ಟಿದಾಗ. ನನ್ನ ಹಳೇ ಗಾಡಿಯಲ್ಲಿ ಇದೇ ರೋಗ ಇತ್ತು, ಕೂಲಂಟ್ ಮಾತ್ರ ಫುಲ್. ಹಿಂದಿನ ಮಾಲೀಕ ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದಿದ್ದ, ಕೋರ್ ಒಳಗೆ ತುಕ್ಕು, ಬಿಳಿ ಗಸಿ. ಎಂಜಿನ್ ಬಿಸಿಯಾದ ಮೇಲೆ ಡ್ಯಾಶ್ ಕಡೆ ಹೋಗುವ ಎರಡು ಹೋಸ್ ಮುಟ್ಟಿ ನೋಡಿ, ಬೆಲ್ಟು ಫ್ಯಾನು ಹುಷಾರು. ಒಂದು ಸುಡುತ್ತಾ ಇನ್ನೊಂದು ಉಗುರು ಬೆಚ್ಚಗಿದ್ದರೆ ಹರಿವು ಸಾಲುತ್ತಿಲ್ಲ. ಎರಡೂ ಸುಡುತ್ತಿದ್ದರೆ ಡ್ಯಾಶ್ ಒಳಗೆ ಬಿಸಿ-ತಣ್ಣನೆ ಗಾಳಿ ಬೆರೆಸುವ ಬಾಗಿಲಿನ ತೊಂದರೆ. ನಮ್ಮ ಮೆಕ್ಯಾನಿಕ್ ಅಂತೂ 'ಬೈಪಾಸ್ ಮಾಡಿಬಿಡೋಣ ಸರ್, ಈ ಊರಲ್ಲಿ ಹೀಟರ್ ಯಾರಿಗೆ ಬೇಕು' ಅಂದಿದ್ದ!

ಹಿಮದೂರಿನವ
ಗ್ರೀಸ್ ಕೈ ಅಣ್ಣಾ, ನೀವು ಹೇಳಿದ್ದೇ ನಿಜ. ಡಬ್ಬಿಯಲ್ಲಿ ಅರ್ಧ ಇತ್ತು, ರೇಡಿಯೇಟರ್‌ನಲ್ಲಿ ಬೆರಳು ಬಿಟ್ಟರೂ ಒದ್ದೆಯಾಗಲಿಲ್ಲ. ಒಂದೂವರೆ ಲೀಟರ್ ಹಿಡಿಯಿತು. ಅಕ್ಕ ಹೇಳಿದ ಹಾಗೆ ಗಾಳಿ ತೆಗೆದೆ, ಹೊಸ ಮುಚ್ಚಳ ಹಾಕಿದೆ, ಇವತ್ತು ರೈಲ್ವೆ ಗೇಟ್ ಹತ್ತಿರ ಆರು ನಿಮಿಷ ನಿಂತರೂ ಬಿಸಿ ಗಾಳಿಯೇ. ಆದರೆ ಒಂದೂವರೆ ಲೀಟರ್ ಹೋಗಿದ್ದು ಎಲ್ಲಿಗೆ? ಹೀಟರ್ ಕೋರ್ ಸೋರಿದ್ದರೆ ಒದ್ದೆಯಾಗಬೇಕಿದ್ದ ಕಾರ್ಪೆಟ್ ಒಣಗಿಯೇ ಇದೆ, ನೆಲದ ಮೇಲೆ ಹನಿ ಇಲ್ಲ.

ಗ್ರೀಸ್ ಕೈ, ಹುಬ್ಬಳ್ಳಿ
ಟಾರ್ಚ್ ಹಿಡಿದು ವಾಟರ್ ಪಂಪ್ ಕೆಳಗೆ ನೋಡು. ಅಲ್ಲೊಂದು ಸಣ್ಣ ತೂತು ಇರುತ್ತದೆ, ಸೀಲ್ ಹೋದರೆ ಅಲ್ಲಿಂದ ಜಿನುಗಿ ಬಿಸಿಗೆ ಅಲ್ಲೇ ಒಣಗಿ ಕರೆ ಕಟ್ಟುತ್ತದೆ. ನಿಮ್ಮ ಕಡೆ ಪಾರ್ಟ್ಸ್ ಅಂಗಡಿಯಲ್ಲಿ ಡೆಪಾಸಿಟ್ ಇಟ್ಟರೆ ಸೋರಿಕೆ ಹುಡುಕುವ ಪ್ರೆಶರ್ ಟೆಸ್ಟರ್ ಕೊಡ್ತಾರಂತಲ್ಲ, ತಂದು ಹಾಕು.

ಹಿಮದೂರಿನವ
ನೋಡಿದೆ. ಪಂಪ್ ಕೆಳಗೆ ಗುಲಾಬಿ ಬಣ್ಣದ ಉಪ್ಪಿನಂಥ ಪದರ ಇದೆ, ಫೋಟೊ ರಾತ್ರಿ ಹಾಕುತ್ತೇನೆ. ಶನಿವಾರ ಪಂಪ್ ಬದಲಿಸ್ತಾರೆ, ಅಲ್ಲಿಯವರೆಗೆ ಡಿಕ್ಕಿಯಲ್ಲಿ ಒಂದು ಕ್ಯಾನ್ ಕೂಲಂಟ್.