ಸಹಾಯ ಬೇಕು: ಅಂಟಿಸಿಬಿಟ್ಟ ಹಳಿ ಕತ್ತರಿಸಲು ಗರಗಸವೋ, ರೋಟರಿ ಟೂಲೋ?

ನನ್ನದು ಮಾಡೆಲ್ ರೈಲು: ಎಚ್‌ಒ ಸ್ಕೇಲ್ (1:87 ಅಳತೆ), ಕೋಡ್ 83 (ಹಳಿಯ ಎತ್ತರ 0.083 ಇಂಚು) ಫ್ಲೆಕ್ಸ್ ಟ್ರ್ಯಾಕ್ (ಬೇಕಾದಂತೆ ಬಗ್ಗಿಸಬಹುದಾದ ಹಳಿ). ಬಿಡಿ ಹಳಿಗೆ ರೈಲ್ ಕಟ್ಟರ್ ಸಾಕು, ಒಂದು ತುದಿ ನೀಟಾಗಿ ಬರುತ್ತದೆ, ಇನ್ನೊಂದು ಚಿವುಟಿದ ಹಾಗಿರುತ್ತದೆ, ಸ್ವಲ್ಪ ಅರ ಹಾಕಿದರೆ ಜಾಯಿನರ್ (ಎರಡು ಹಳಿ ಜೋಡಿಸುವ ಪುಟ್ಟ ಪಟ್ಟಿ) ಸಲೀಸಾಗಿ ಕೂರುತ್ತದೆ. ತೊಂದರೆ ಅದಲ್ಲ. ಅಂಟಿಸಿ, ಜಲ್ಲಿ ಕೂಡ ಹಾಕಿ ಮುಗಿಸಿದ ಮೇಲೆ, ಟರ್ನ್‌ಔಟ್ ಫ್ರಾಗ್ (ದಾರಿ ಕವಲೊಡೆಯುವಲ್ಲಿ ಹಳಿಗಳು ಒಂದನ್ನೊಂದು ದಾಟುವ ಜಾಗ) ಪಕ್ಕ ಇನ್ಸುಲೇಷನ್ ಗ್ಯಾಪ್ (ವಿದ್ಯುತ್ ದಾಟದಂತೆ ಹಳಿಯಲ್ಲಿ ಬಿಡುವ ಸಂದು) ಬಿಡಲು ಮರೆತಿದ್ದು ಗೊತ್ತಾಯಿತು (ನನ್ನದೇ ತಪ್ಪು ಬಿಡಿ). ಅಲ್ಲಿ ಕಟ್ಟರ್ ಮೂತಿ ತೂರುವುದಿಲ್ಲ. ರೇಜರ್ ಸಾ (ತೆಳು ಅಲಗಿನ ಗರಗಸ) ಹಿಡಿದೆ, ಹಳಿ ಅಲುಗಾಡಿ ಸ್ಲೀಪರ್ ಮೇಲಿನ ಪುಟ್ಟ ಪ್ಲಾಸ್ಟಿಕ್ ಕೊಂಡಿಗಳೆರಡು ಕಿತ್ತುಬಂದವು. ರೋಟರಿ ಟೂಲ್‌ಗೆ ಕಟ್-ಆಫ್ ಡಿಸ್ಕ್ ಹಾಕಿ ಬೇರೆ ತುಂಡಿನ ಮೇಲೆ ನೋಡಿದರೆ ಹಳಿ ಕಾದು ಪ್ಲಾಸ್ಟಿಕ್ ಕರಗಿತು, ಟೂಲ್ ದಪ್ಪ ಜಾಸ್ತಿ ಇರುವುದರಿಂದ ಡಿಸ್ಕ್ ನೆಟ್ಟಗೆ ನಿಲ್ಲದೆ ಕಟ್ ಕೂಡ ಓರೆಯಾಯಿತು. ಫ್ಲೆಕ್ಸ್ ಶಾಫ್ಟ್ (ಟೂಲ್‌ಗೆ ಜೋಡಿಸುವ, ತುದಿಯಲ್ಲಿ ತೆಳು ಹಿಡಿಯಿರುವ ಬಾಗುವ ಕೊಳವೆ) ತಗೊಂಡರೆ ಓರೆ ಸರಿಹೋಗುತ್ತದೆಯೇ, ಇಲ್ಲಾ ಸಣ್ಣ ಹಲ್ಲಿನ ಗರಗಸದಲ್ಲೇ ಹಳಿಯನ್ನು ಬಿಗಿಯಾಗಿ ಹಿಡಿದು ನಿಧಾನಕ್ಕೆ ಕೊಯ್ಯುವುದು ಮೇಲಾ? ಹೀಗೆ ಹಾಕಿದ ಹಳಿ ಕತ್ತರಿಸಿದವರು ಯಾವುದನ್ನು ಬಳಸಿದಿರಿ?